ಬ್ಲಡ್ ಸಹಿ ಹಾಕದ ಟೆಲಿಗ್ರಾಂ

ಬಾಂಗ್ಲಾ ವಿಮೋಚನೆಯ ಮಾತು ಬಂದಾಗಲೆಲ್ಲ ಒಂದು ಕಥೆ ತಪ್ಪದೆ ಬರುತ್ತದೆ. 1971ರಲ್ಲಿ, ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದ ಆರ್ಚರ್ ಬ್ಲಡ್, ಅಧ್ಯಕ್ಷ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಜೋಡಿಗೆ ಒಬ್ಬರೇ ಎದುರು ನಿಂತು 'ಬ್ಲಡ್ ಟೆಲಿಗ್ರಾಂ' ಬರೆದರು, ಅದಕ್ಕೆ ತಮ್ಮ ವೃತ್ತಿಯನ್ನೇ ತೆತ್ತರು. ಗ್ಯಾರಿ ಬ್ಯಾಸ್ ಅವರ ಅದೇ ಹೆಸರಿನ 2013ರ ಪುಸ್ತಕ ಬಂದ ಮೇಲಂತೂ ಈ ಹೆಸರು ಗಟ್ಟಿಯಾಯಿತು. ಪುಸ್ತಕದೊಳಗೆ ವಿವರಗಳೆಲ್ಲ ಇವೆ; ನಮ್ಮಲ್ಲಿ ಹಲವರು ಓದಿದ್ದು ಮುಖಪುಟವನ್ನಷ್ಟೇ ಎಂದು ನನ್ನ ಗುಮಾನಿ.

ಪಾಕ್ ಸೇನೆಯ ಕೊಲೆಗಳಿಗೆ ಅಮೆರಿಕ ಸುಮ್ಮನಿದ್ದುದರ ವಿರುದ್ಧ ಏಪ್ರಿಲ್ 6ರ ಆ ಟೆಲಿಗ್ರಾಂನಲ್ಲಿ ಭಿನ್ನಮತ ದಾಖಲಿಸಿದವರು 20 ಮಂದಿ ಅಮೆರಿಕನ್ ಅಧಿಕಾರಿಗಳು. ಬ್ಲಡ್ ಆ ಪಟ್ಟಿಯಲ್ಲಿಲ್ಲ. ಕರಡು ಕಿರಿಯ ರಾಜಕೀಯ ಅಧಿಕಾರಿ ಸ್ಕಾಟ್ ಬುಚರ್ ಅವರದು. ಹೆಸರುಗಳ ಕೆಳಗೆ ಬ್ಲಡ್ ತಮ್ಮದೊಂದು ಟಿಪ್ಪಣಿ ಸೇರಿಸಿದರು: ಈ ಅಭಿಪ್ರಾಯಗಳು ನನಗೂ ಒಪ್ಪಿಗೆ, ಆದರೆ ಕಚೇರಿಯ ಮುಖ್ಯಸ್ಥನಾಗಿರುವ ತನಕ ನಾನು ಸಹಿ ಮಾಡುವುದು ತರವಲ್ಲ.

ಇದು ಹಿಂಜರಿಕೆಯಲ್ಲ. ನಿಯಮದ ಮನುಷ್ಯ ನಿಯಮದೊಳಗೆ ನಿಂತೇ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋದದ್ದು. ಟೆಲಿಗ್ರಾಂ ತಡೆಹಿಡಿಯುವುದು ಅವರಿಗೆ ಸುಲಭವಿತ್ತು, ಕಳಿಸಿದರು. ಅದೂ ಬರೀ 'ಕಾನ್ಫಿಡೆನ್ಷಿಯಲ್' ಮುದ್ರೆಯೊಂದಿಗೆ. ಹಾಗಾಗಿ ಅದು ವಾಷಿಂಗ್ಟನ್ನಿನಲ್ಲಿ ಬೇಕಾದಷ್ಟು ಕೈ ದಾಟಿತು. ಅಲ್ಲಿನ ದಕ್ಷಿಣ ಏಷ್ಯಾ ತಜ್ಞ ಅಧಿಕಾರಿಗಳು ಅದೇ ದಿನ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ರೋಜರ್ಸ್‌ಗೆ ಬೆಂಬಲದ ಪತ್ರ ಬರೆದರು. ದೆಹಲಿಯಲ್ಲಿದ್ದ ರಾಯಭಾರಿ ಕೆನೆತ್ ಕೀಟಿಂಗ್ ಕೂಡ ಕೊಲೆಗಳ ಬಗ್ಗೆ ಸುಮ್ಮನಿರಲಿಲ್ಲ. ಇನ್ನು ಏಕಾಂಗಿತನ ಎಲ್ಲಿ ಬಂತು?

ಬ್ಲಡ್ ಅವರ ನಿಜವಾದ ಕೆಲಸ ಅದಕ್ಕೂ ಮುಂಚಿನದು, ಅದನ್ನು ಕೇಳುವವರು ಕಡಿಮೆ. ಮಾರ್ಚ್ 25ರ ರಾತ್ರಿ ಪಾಕ್ ಸೇನೆ ಢಾಕಾದ ಮೇಲೆ ಬಿತ್ತು. ವಿಶ್ವವಿದ್ಯಾಲಯದಲ್ಲಿ ಹಿಂದೂ ವಿದ್ಯಾರ್ಥಿಗಳಿದ್ದ ಜಗನ್ನಾಥ ಹಾಲ್ ರಕ್ತಮಯವಾಯಿತು. ವಿದೇಶಿ ಪತ್ರಕರ್ತರನ್ನು ಹೊರಗಟ್ಟಲಾಯಿತು. ಆಗ ಹೊರಜಗತ್ತಿಗೆ ಸುದ್ದಿ ಹೋದದ್ದು ಕೆಲವೇ ದಾರಿಗಳಿಂದ. ಕಾನ್ಸುಲೇಟಿನ ಗುಪ್ತ ವೈರ್‌ಲೆಸ್ ಅವುಗಳಲ್ಲೊಂದು. ಯಾರು ಸತ್ತರು, ಎಲ್ಲಿ ಸತ್ತರು, ಯಾರನ್ನು ಹುಡುಕಿ ಕೊಲ್ಲುತ್ತಿದ್ದಾರೆ ಎಂಬ ವರದಿಗಳು ಒಂದರ ಹಿಂದೊಂದು ಹೋದವು. ಮಾರ್ಚ್ 28ರ ವರದಿಯ ಶೀರ್ಷಿಕೆಯಲ್ಲೇ 'ಆಯ್ದ ನರಮೇಧ' ಎಂದಿತ್ತು. ಒಂದು ದಿನದ ಆವೇಶದ ಪತ್ರವನ್ನು ತಳ್ಳಿಹಾಕುವುದು ಸುಲಭ, ದಿನವಹಿ ಬರುವ ಇಂಥ ಲೆಕ್ಕವನ್ನು ತಳ್ಳಿಹಾಕುವುದಕ್ಕೆ ಭಂಡತನ ಬೇಕು. ಶ್ವೇತಭವನಕ್ಕೆ ಅದರ ಕೊರತೆಯಿರಲಿಲ್ಲ. ಚೀನಾದ ಬಾಗಿಲು ತೆರೆಯಲು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಬೇಕಾಗಿದ್ದರು; ಯಾಹ್ಯಾರನ್ನು ಈಗ ಹಿಂಡಬೇಡಿ ಎಂದು ನಿಕ್ಸನ್ ಸ್ವಹಸ್ತದಲ್ಲಿ ಬರೆದರು. ಜುಲೈನಲ್ಲಿ ಕಿಸಿಂಜರ್ ಪಾಕಿಸ್ತಾನದ ಮೂಲಕವೇ ಬೀಜಿಂಗಿಗೆ ಗುಟ್ಟಾಗಿ ಹಾರಿದರು.

ವೀರಕಥೆಯ ಲಾಭ ಯಾರಿಗೆ ಎಂದು ಕೇಳಿದರೆ, ನನಗೆ ಕಾಣುವ ಉತ್ತರ ಅಷ್ಟು ಹಿತವಾದದ್ದಲ್ಲ. ಒಬ್ಬನಿಗೇ ಆತ್ಮಸಾಕ್ಷಿ ಇತ್ತೆಂದರೆ, ಉಳಿದವರಿಗೆ ಏನೂ ತಿಳಿದಿರಲಿಲ್ಲ ಎಂಬ ಅರ್ಥ ತಾನಾಗಿ ಹುಟ್ಟುತ್ತದೆ. ತಿಳಿದಿತ್ತು. ಢಾಕಾದ ಕಚೇರಿಗೂ, ದೆಹಲಿಯ ಕಚೇರಿಗೂ, ವಾಷಿಂಗ್ಟನ್ನಿನ ಮೇಜುಗಳಿಗೂ ತಿಳಿದಿತ್ತು. ಮೇಲಿನವರು ತಿಳಿದೇ ತಿರಸ್ಕರಿಸಿದರು. ಅಪರಾಧ ಹೆಚ್ಚುವುದು ಅಲ್ಲಿ.

ಮುಂದಿನ ವಿಪರ್ಯಾಸವನ್ನೂ ನೋಡಿ. ಬ್ಲಡ್‌ರನ್ನು ಢಾಕಾದಿಂದ ಕಿತ್ತು ವಾಷಿಂಗ್ಟನ್ನಿನ ಸಿಬ್ಬಂದಿ ವಿಭಾಗದಲ್ಲಿ ಕೂರಿಸಿದರು. ಅದೇ 1971ರಲ್ಲಿ, ಸೃಜನಶೀಲ ಭಿನ್ನಮತಕ್ಕೆಂದು ರಾಜತಾಂತ್ರಿಕರ ಸಂಘದ ಹರ್ಟರ್ ಪ್ರಶಸ್ತಿಯೂ ಅವರಿಗೇ ಸಂದಿತು! ಮುಂದೆ ದೆಹಲಿಯ ರಾಯಭಾರ ಕಚೇರಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿದರು, ರಾಯಭಾರಿಯಾಗಲಿಲ್ಲ. 2004ರಲ್ಲಿ ತೀರಿಕೊಂಡರು, ಮರುವರ್ಷ ಢಾಕಾದ ಅಮೆರಿಕನ್ ಸೆಂಟರಿನ ಗ್ರಂಥಾಲಯಕ್ಕೆ ಅವರ ಹೆಸರಿಟ್ಟರು. ಹಾಗೆ ಹೆಸರಿಟ್ಟದ್ದು, ಅವರ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದ ಸರ್ಕಾರವೇ.