ಠಾಣೆಯ ರೈಟರು ಏನು ಬರೆದುಕೊಳ್ಳುತ್ತಾರೆ?

ಕಾಫಿ ಸೀಮೆಯಲ್ಲಿ ರೈಟರು ಇಬ್ಬರು. ತೋಟದ ರೈಟರು ಹಾಜರಿ ಬರೆಯುತ್ತಾರೆ, ಕುಯ್ದ ಹಣ್ಣಿನ ತೂಕ ಬರೆಯುತ್ತಾರೆ. ಠಾಣೆಯ ರೈಟರು ಹೇಳಿಕೆ ಬರೆಯುತ್ತಾರೆ. ತೋಟದಲ್ಲಿ ತಕ್ಕಡಿ ಎಲ್ಲರ ಕಣ್ಣೆದುರು ತೂಗುತ್ತದೆ. ಠಾಣೆಯಲ್ಲಿ ಪ್ರಶ್ನೆ ಕೇಳುವವರು, ಉತ್ತರ ತೂಗುವವರು, ಬರೆಯುವವರು ಎಲ್ಲರೂ ಒಂದೇ ಕಡೆಯವರು. ಮಾತು ಬೇರೆ ಬಗೆಯಲ್ಲಿ ಹೊರಡುವ ಆಟಿಸಂ ಇರುವವರ ಪಾಲಿಗೆ ಈ ಬರವಣಿಗೆ ಎಷ್ಟು ನ್ಯಾಯವಾಗಿದೆ? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನು ಈ ಪ್ರಶ್ನೆಯಿಂದ ಓದಿದರೆ ಅದು ಅರ್ಧ ದಾರಿಯಲ್ಲೇ ನಿಂತಿರುವುದು ಕಾಣುತ್ತದೆ.

ನಡೆದ ಅರ್ಧ ದಾರಿ ಚೆನ್ನಾಗಿಯೇ ಇದೆ. ಲೈಂಗಿಕ ಅಪರಾಧಕ್ಕೆ ಗುರಿಯಾದವರು ಅಂಗವಿಕಲರಾಗಿದ್ದರೆ, 173ನೇ ಸೆಕ್ಷನ್ ಪ್ರಕಾರ ಪೊಲೀಸರು ಅವರ ಮನೆಗೇ ಹೋಗಿ, ವಿಶೇಷ ಶಿಕ್ಷಕರನ್ನೋ ದುಭಾಷಿಯನ್ನೋ ಜೊತೆಗಿಟ್ಟುಕೊಂಡು ದೂರು ಬರೆದುಕೊಳ್ಳಬೇಕು. ಅದರ ವಿಡಿಯೊ ಆಗಬೇಕು. 183ರಡಿ ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯೇ ಮುಖ್ಯ ವಿಚಾರಣೆಯ ಜಾಗದಲ್ಲಿ ನಿಲ್ಲುತ್ತದೆ, ಪಾಟೀಸವಾಲಷ್ಟೇ ಉಳಿಯುತ್ತದೆ. ಅಂಗವೈಕಲ್ಯದ ಕಾರಣಕ್ಕೆ ಸಾಕ್ಷ್ಯವನ್ನು ದುರ್ಬಲವೆಂದು ಎಣಿಸಬಾರದು ಎಂದು ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ.

ಅದೇ ವ್ಯಕ್ತಿ ಆರೋಪಿಯಾದರೆ? ಒಂದು ಕಲ್ಪಿತ ಪ್ರಸಂಗ. ಕಳಸದ ಕಡೆಯ ತೋಟ, ಕುಯ್ಲಿನ ಕಾಲ. ಕಣದಿಂದ ಒಂದು ಮೂಟೆ ಒಣಕಾಫಿ ಮಾಯವಾಗಿದೆ. ದಿನಾ ಒಂದೇ ಹೊತ್ತಿಗೆ ಒಂದೇ ಕಾಲುದಾರಿ ಹಿಡಿಯುವ ಇಪ್ಪತ್ತರ ಹುಡುಗನ ಮೇಲೆ ಅನುಮಾನ. 'ಮೂಟೆ ನೀನೇ ತಗೊಂಡಿದ್ದಾ?' ಎಂದರೆ 'ನೀನೇ ತಗೊಂಡಿದ್ದಾ' ಎನ್ನುತ್ತಾನೆ. ಕೇಳಿದ್ದನ್ನೇ ತಿರುಗಿ ಹೇಳುವುದು ಆಟಿಸಂನಲ್ಲಿ ಸಾಮಾನ್ಯ. ಠಾಣೆಯಲ್ಲಿ ಅದು ತಲೆಹರಟೆ. 'ಎಲ್ಲಿದೆ ತೋರಿಸು' ಎಂದರೆ ನೇರ ಹಳ್ಳದ ಪಕ್ಕದ ಪೊದೆಗೆ ಕರೆದೊಯ್ಯುತ್ತಾನೆ. ಬೆಳಿಗ್ಗೆ ಅದೇ ದಾರಿಯಲ್ಲಿ ಬಂದಾಗ ಕಂಡಿದ್ದ, ತೋರಿಸು ಎಂದರು, ತೋರಿಸಿದ. ಪಂಚರ ಸಹಿ ಬಿತ್ತು, ಮಹಜರು ಮುಗಿಯಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲದು. ಆದರೆ ಆ ಮಾತಿನಿಂದ ವಸ್ತು ಸಿಕ್ಕರೆ ಅಷ್ಟು ಭಾಗ ನಿಲ್ಲುತ್ತದೆ ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್. ಹುಡುಗ ಕಂಡಿದ್ದೇ ಅವನಿಗೆ ಮುಳುವಾಯಿತು.

ಈ ಹೊತ್ತಿನಲ್ಲಿ ಅವನ ಪಕ್ಕ ವಿಶೇಷ ಶಿಕ್ಷಕರು ಕೂರಬೇಕೆಂದು ಸಂಹಿತೆ ಹೇಳುವುದಿಲ್ಲ. 38ನೇ ಸೆಕ್ಷನ್ನಿನಂತೆ ವಕೀಲರನ್ನು ಕಾಣಬಹುದು, ಆದರೆ ವಿಚಾರಣೆಯ ಉದ್ದಕ್ಕೂ ಅಲ್ಲ. ಉಳಿದ ಬಾಗಿಲು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಅದು ತೆರೆಯುವುದು ಅಸ್ವಸ್ಥಚಿತ್ತರಿಗೆ. ಈ ಹುಡುಗನ ಚಿತ್ತಕ್ಕೇನೂ ಆಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ವೈಕಲ್ಯಗಳಲ್ಲಿ ಸೇರಿಸಿ, ನ್ಯಾಯ ಪಡೆಯಲು ನೆರವಿನ ಭರವಸೆಯನ್ನೂ ಕೊಟ್ಟಿದೆ. ಆ ಭರವಸೆ ಠಾಣೆಯ ಮೇಜಿನವರೆಗೆ ಇಳಿದಿಲ್ಲ. ಇಳಿದರೂ ಅಂಗವೈಕಲ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಅದಕ್ಕೆ ಬೇಕಾದ 40 ಅಂಶಗಳ ಆಟಿಸಂ ಪರೀಕ್ಷೆಗಾಗಿ ತೋಟದ ಕೂಲಿಕಾರರ ಲೈನ್ ಮನೆಯ ತಾಯಿ ಕೂಲಿ ಬಿಟ್ಟು ಘಟ್ಟದ ದಾರಿಯಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಅಲೆಯಬೇಕು.

ಬ್ರಿಟನ್ ಈ ಪಾಠವನ್ನು ಪೆಟ್ಟು ತಿಂದು ಕಲಿಯಿತು. 1972ರ ಲಂಡನ್ ಕೊಲೆಯೊಂದರಲ್ಲಿ ಮೂವರು ಹುಡುಗರು ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದರು. ಒಬ್ಬನಿಗೆ ಬೌದ್ಧಿಕ ವೈಕಲ್ಯವಿತ್ತು. 1975ರಲ್ಲಿ ಶಿಕ್ಷೆ ರದ್ದಾಯಿತು. 1984ರ ಪೊಲೀಸ್ ಕಾಯ್ದೆಯ ನಿಯಮಗಳು ಇಂಥ ಶಂಕಿತರ ವಿಚಾರಣೆಯಲ್ಲಿ ಪೊಲೀಸೇತರ ವಯಸ್ಕರೊಬ್ಬರು ಜೊತೆಗಿರಬೇಕು ಎಂದವು.

ನಮಗೂ ಅದು ದೂರದ ಮಾತಲ್ಲ. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗೆಂದು ಸಂಪನ್ಮೂಲ ಶಿಕ್ಷಕರಿದ್ದಾರೆ. ಸಂತ್ರಸ್ತರ ಮನೆಗೆ ಹೋಗಬಲ್ಲವರು ಆರೋಪಿಯ ಪಕ್ಕವೂ ಕೂರಬಲ್ಲರು. ಆಗ ಮಹಜರಿನಲ್ಲಿ 'ಆರೋಪಿ ಒಪ್ಪಿಕೊಂಡ' ಎಂಬ ಸಾಲಿನ ಬದಲು, 'ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳಿದ' ಎಂದು ರೈಟರು ಬರೆದಾರು. ತೂಕ ಸರಿಹೋಗಲು ಅಷ್ಟು ಸಾಕು.