ಆರನೆಯ ಅಂಶಕ್ಕೆ ಅಂಕಿಯಿಲ್ಲ

ಭಾರತ ಸರ್ಕಾರ 2022ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ಹವಾಮಾನ ವಚನಪತ್ರದಲ್ಲಿ ಎಂಟು ಅಂಶಗಳಿವೆ. ಅಧಿಕೃತವಾಗಿ ಅದು 'ರಾಷ್ಟ್ರೀಯವಾಗಿ ನಿರ್ಧರಿಸಿದ ಕೊಡುಗೆ', ಸುದ್ದಿಯಲ್ಲಿ ಎನ್‌ಡಿಸಿ. ಬಹಳ ದೊಡ್ಡ ಬರಹವೇನಲ್ಲ. ಆದರೂ ಅದರ ಬಗ್ಗೆ ಮಾತಾಡಿದವರಷ್ಟು ಜನ ಅದನ್ನು ಓದಿಲ್ಲ. ದಿಲ್ಲಿಯಲ್ಲಿ ಕೂತು ಓದಿದರೆ ಜಾಣ ಪತ್ರವೇ. ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನ ಪೂರ್ವಭಾಗದಲ್ಲಿ, ಲಿಂಗನೂರು, ಆರಗ, ಸಲಗರೆಯ ಕಡೆ ಕೂತು ಓದಿದರೆ ಅದರ ಜಾಣತನ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಾಗುತ್ತದೆ. ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕೂಡುವ ಈ ಪಟ್ಟಿಯಲ್ಲಿ ದ್ರಾಕ್ಷಿ ಇದೆ, ವೀಳ್ಯದೆಲೆಯ ತೋಟ ಇದೆ, ನೀರು ಬಂದಲ್ಲೆಲ್ಲ ಕಬ್ಬಿದೆ. ಆಕಾಶ ನೋಡಿ ಬದುಕುವ ಇಂಥ ಊರಿನಿಂದಲೇ ಈ ಪತ್ರವನ್ನು ಓದಬೇಕು.

ಪತ್ರದ ಹಿಂದಿರುವ ನ್ಯಾಯದ ವಾದ ಗಟ್ಟಿಯಾದದ್ದು. 1991ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಸ್ತಿಕೆ ಬರೆದರು. ಬಡವ ಹೊಟ್ಟೆಪಾಡಿಗೆ ಬಿಡುವ ಹೊಗೆಯನ್ನೂ ಸಿರಿವಂತ ಸುಖಕ್ಕೆ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು ಎಂಬ ಅವರ ವಾದವನ್ನು ಭಾರತ ಇಂದಿಗೂ ಬಿಟ್ಟಿಲ್ಲ. ಬಿಡಬೇಕಾಗಿಯೂ ಇಲ್ಲ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅಮೆರಿಕದವನದು 14 ಟನ್ನಿನ ಆಸುಪಾಸು. 2024ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಬಾಕು ಹವಾಮಾನ ಸಭೆ ಬಡ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು ತೀರ್ಮಾನಿಸಿತು. ಕೇಳಿದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಭಾರತದ ಪ್ರತಿನಿಧಿ ಅಲ್ಲೇ ಎದ್ದು ಆಕ್ಷೇಪಿಸಿದ್ದು ಸರಿಯಾಗಿಯೇ ಇತ್ತು.

ಇನ್ನು ಪತ್ರದ ಒಳಗೆ. ಎಂಟರಲ್ಲಿ ಅಂಕಿ ಇರುವುದು ಮೂರಕ್ಕೆ. ಒಂದು, ದೇಶದ ಉತ್ಪನ್ನದ ಪ್ರತಿ ರೂಪಾಯಿಗೆ ಬೀಳುವ ಹೊಗೆಯನ್ನು 2005ಕ್ಕೆ ಹೋಲಿಸಿ 2030ರೊಳಗೆ 45% ಇಳಿಸುವುದು. ಇನ್ನೊಂದು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟನ್ನು ಕಲ್ಲಿದ್ದಲು, ಅನಿಲದಂಥ ಇಂಧನಗಳಿಂದ ಹೊರಗಿಡುವುದು. ಮೂರನೆಯದು, ಗಿಡಮರಗಳಲ್ಲಿ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟನ್ನು ಹಿಡಿದಿಡುವುದು. ಸರ್ಕಾರದ ವರದಿಯ ಪ್ರಕಾರ 2020ರ ಹೊತ್ತಿಗೇ ಮೊದಲನೆಯ ಲೆಕ್ಕ 36% ಇಳಿದಿತ್ತು. ಎರಡನೆಯದು ಐದು ವರ್ಷ ಮೊದಲೇ, 2025ರ ನಡುವಿನಲ್ಲಿ, ಈಡೇರಿತು. ಹೊಗಳಬೇಕಾದದ್ದೇ. ಆದರೆ ಗುರಿಗಳನ್ನು ಆರಿಸಿದ ಕೈಚಳಕವನ್ನೂ ನೋಡಬೇಕು. ಮೊದಲನೆಯದು ಅನುಪಾತ. ಗಳಿಕೆ ಏರಿದಷ್ಟು ಸಾಲ ಏರಲಿಲ್ಲ ಎಂದರೆ ಸಾಲ ತೀರಿತು ಎಂದಲ್ಲವಲ್ಲ. ದೇಶದ ಒಟ್ಟು ಹೊಗೆ ಅದೇ ಅವಧಿಯಲ್ಲಿ ಏರಿದೆ. ಎರಡನೆಯದರಲ್ಲಿ ಲೆಕ್ಕಕ್ಕೆ ಬರುವುದು ಸ್ಥಾಪಿಸಿದ ಯಂತ್ರಗಳ ಶಕ್ತಿ, ಅವು ಕೊಟ್ಟ ಕರೆಂಟಲ್ಲ. ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ 70%ರಷ್ಟು ಈಗಲೂ ಕಲ್ಲಿದ್ದಲಿನದೇ. ಮೂರನೆಯದರಲ್ಲಿ ನಮ್ಮ ಅರಣ್ಯ ಸಮೀಕ್ಷೆಯ ವ್ಯಾಖ್ಯೆಗೆ ಒಂದು ಹೆಕ್ಟೇರ್ ಮೀರಿದ ಮಾವಿನ ತೋಪೂ ಕಾಡೇ.

2021ರ ನವೆಂಬರ್ 1ರಂದು ಗ್ಲಾಸ್ಗೋ ಹವಾಮಾನ ಸಭೆಯಲ್ಲಿ ಪ್ರಧಾನಿ 'ಪಂಚಾಮೃತ' ಎಂದು ಘೋಷಿಸಿದ್ದನ್ನು ಈ ಪತ್ರದ ಪಕ್ಕದಲ್ಲಿಟ್ಟು ಓದಬೇಕು. ಕಲ್ಲಿದ್ದಲಿನಂಥ ಇಂಧನ ಬೇಡದ 500 ಗಿಗಾವಾಟ್ ಎಂದದ್ದು, 100 ಕೋಟಿ ಟನ್ ಹೊಗೆ ತಪ್ಪಿಸುತ್ತೇವೆ ಎಂದದ್ದು ಬರವಣಿಗೆಗೆ ಇಳಿಯಲೇ ಇಲ್ಲ. ಅರ್ಧದಷ್ಟು ಶಕ್ತಿಯ ಅಗತ್ಯ ಎಂದದ್ದು ಅರ್ಧದಷ್ಟು ಸ್ಥಾಪಿತ ಸಾಮರ್ಥ್ಯವಾಯಿತು. ಭಾಷಣ ಕೇಳಿದವರೆಷ್ಟೋ, ಒಂಬತ್ತು ತಿಂಗಳ ಮೇಲೆ ಬಂದ ಪತ್ರವನ್ನು ಅದರ ಜೊತೆ ತಾಳೆ ನೋಡಿದವರೆಷ್ಟೋ.

ಲಿಂಗನೂರಿಗೆ ಸಂಬಂಧಪಟ್ಟದ್ದು ಆರನೆಯ ಅಂಶ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ಕೃಷಿ, ಜಲಸಂಪನ್ಮೂಲ, ಹಿಮಾಲಯ ಪ್ರದೇಶ, ಕರಾವಳಿ, ಆರೋಗ್ಯ ಮತ್ತು ವಿಪತ್ತು ನಿರ್ವಹಣೆಯಲ್ಲಿ ಹೂಡಿಕೆ ಹೆಚ್ಚಿಸುತ್ತೇವೆ ಎನ್ನುತ್ತದೆ ಅದು. ಎಷ್ಟು ಹೂಡಿಕೆ, ಯಾವ ವರ್ಷದೊಳಗೆ, ಯಾರಿಗೆ? ಒಂದಕ್ಕೂ ಉತ್ತರವಿಲ್ಲ. ಹಿಮಾಲಯಕ್ಕೆ ಹೆಸರಿದೆ, ಕರಾವಳಿಗೆ ಹೆಸರಿದೆ. ಸಹ್ಯಾದ್ರಿಯ ಬೆನ್ನಿಗೆ ಮಳೆನೆರಳಿನಲ್ಲಿ ಬಿದ್ದಿರುವ ದಖ್ಖನ್ ಬಯಲಿಗೆ, ಅಂದರೆ ಜತ್ತ, ಕವಠೆ ಮಹಾಂಕಾಳ, ಆಟಪಾಡಿ, ಇತ್ತ ಇಂಡಿ, ಅಥಣಿಗೆ, ಹೆಸರಿಲ್ಲ.

ಹೆಸರಿಲ್ಲದ್ದರ ಬೆಲೆ ಎಷ್ಟೆಂದು 2019ರ ಆಗಸ್ಟ್ ಮೊದಲೇ ತೋರಿಸಿತ್ತು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಮಳೆ, ಜತ್ತದ ಕಡೆ 500ರ ಆಸುಪಾಸು. ಆ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತು. ಅಲ್ಲಿ ಅಪಾಯದ ಮಟ್ಟವೇ 45. ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿತು. ಅದೇ ವಾರ, ಅದೇ ಜಿಲ್ಲೆಯ ಪೂರ್ವ ಭಾಗದಲ್ಲಿ ಟ್ಯಾಂಕರ್ ಓಡುತ್ತಿತ್ತು, ದನಗಳು ಮೇವಿನ ಛಾವಣಿಯಲ್ಲಿದ್ದವು. ಮಧ್ಯ ಭಾರತದ ಪಟ್ಟಿಯಲ್ಲಿ ಅತಿವೃಷ್ಟಿಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೊಲ್ ಮತ್ತು ಸಂಗಡಿಗರು 2017ರಲ್ಲೇ ಬರೆದಿದ್ದರು. ಅದರ ಮೇಲೆ ಚರ್ಚೆ ಆಯಿತೇ? ಆದದ್ದು ಆಲಮಟ್ಟಿ ಆಣೆಕಟ್ಟೆಯ ಎತ್ತರದ ಮೇಲೆ.

ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೆರೆ ಸಮಿತಿ 2020ರ ವರದಿಯಲ್ಲಿ ಸಾಂಗಲಿ, ಕೊಲ್ಹಾಪುರದ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. ಅತಿವೃಷ್ಟಿಯತ್ತ, ನದಿಪಾತ್ರದ ಅತಿಕ್ರಮಣದತ್ತ ಬೆರಳು ತೋರಿಸಿತು. ಆದರೂ 519.60 ಮೀಟರೋ 524.256 ಮೀಟರೋ ಎಂಬ ಜಗಳ 2025ರಲ್ಲೂ ಹೊಸದರಂತೆ ಎದ್ದಿತು. ಎತ್ತರದ ಪ್ರಶ್ನೆ ಕೇಳಬಾರದೆಂದಲ್ಲ. ಹಿನ್ನೀರಿನ ಭಯ ಸಾಂಗಲಿಯವರದು, ಪಾಲಿನ ನೀರು ತಪ್ಪುವ ಭಯ ವಿಜಯಪುರ, ಬಾಗಲಕೋಟೆಯವರದು, ಎರಡೂ ಸುಳ್ಳಲ್ಲ. ಆದರೆ ಅದೇ ಆಲಮಟ್ಟಿಯ ನೀರು ಕುಡಿದು ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ನಿಂತಿದೆ. ಅದು ಬೇಡವೆಂದ ರೈತರ ಮೇಲೆ 2014ರ ಜುಲೈನಲ್ಲಿ ಗೋಲಿಬಾರ್ ಆಯಿತು. ಆಣೆಕಟ್ಟೆಯ ಜಗಳದ ಯಾವ ಭಾಷಣದಲ್ಲೂ ಕೂಡಗಿಯ ಚಿಮಣಿಯ ಮಾತು ಬರುವುದಿಲ್ಲ. ಆಲಮಟ್ಟಿ ಎಂದರೆ ಎರಡು ರಾಜ್ಯಗಳ ಅಭಿಮಾನ, ಕೂಡಗಿ ಎಂದರೆ ಯಾರೋ ಒಂದಷ್ಟು ಹಳ್ಳಿಯವರ ಬೂದಿ.

ಪ್ರವಾಹವಾದರೆ ಮಂತ್ರಿಗಳು ಬೋಟಿನಲ್ಲಿ ಬರುತ್ತಾರೆ. ದ್ರಾಕ್ಷಿಯ ನಷ್ಟ ನೋಡಲು ಅಷ್ಟು ಜನ ಬರುವುದಿಲ್ಲ, ಅದು ರಾತ್ರಿ ಆಗುವಂಥದ್ದು. ಮಿರಜ ಪೂರ್ವಭಾಗದಿಂದ ತಾಸಗಾಂವ, ಜತ್ತದವರೆಗೆ ಅಕ್ಟೋಬರಿನ ಛಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ತಿಂಗಳು, ಒಂದೂವರೆ ತಿಂಗಳಿಗೆ ಬಳ್ಳಿ ಹೂವಿಗೆ ಬರುತ್ತದೆ. ಆಗ ಬೇಕಾದದ್ದು ಒಣ ಚಳಿ. ಬರುತ್ತಿರುವುದು ಮೋಡ, ಜಿಟಿಜಿಟಿ, ಇಲ್ಲಿಯವರ ಬಾಯಲ್ಲಿ 'ಅವಕಾಳಿ'. ಎರಡು ದಿನ ಹಿಡಿದರೆ ಹೂವು ಕೊಳೆಯುತ್ತದೆ, ಎಲೆಯಡಿಯಲ್ಲಿ ಡಾವಣಿಯ ಬಿಳಿ ಬೂಜು. ರಾತ್ರಿ ಎರಡಕ್ಕೆ ಮಳೆ ನಿಂತರೆ ಎರಡೂವರೆಗೆ ಬ್ಲೋವರ್ ಕಟ್ಟಿದ ಟ್ರ್ಯಾಕ್ಟರು ಸಾಲಿನೊಳಗೆ ಇಳಿಯಬೇಕು. ಕೆಸರಿನಲ್ಲಿ ಚಕ್ರ ಹೂತರೂ ಹೊಡೆಯಬೇಕು, ಬೆಳಿಗ್ಗೆ ಮತ್ತೆ ಮಳೆ ಬಂದರೆ ಔಷಧ ತೊಳೆದು ಹೋಗುತ್ತದೆ, ಮತ್ತೆ ಹೊಡೆಯಬೇಕು. ಡೀಸೆಲ್, ಮೈಲುತುತ್ತ, ಸಾಲ ಒಂದರ ಮೇಲೊಂದು ಏರುತ್ತವೆ. ಹವಾಮಾನ ಕೆಟ್ಟದ್ದಕ್ಕೆ ರೈತನೇ ಹೆಚ್ಚು ಡೀಸೆಲ್ ಸುಟ್ಟು ದಂಡ ಕಟ್ಟುವ ಈ ಲೆಕ್ಕ ಯಾವ ವಚನಪತ್ರದ ಯಾವ ಕಾಲಮ್ಮಿಗೆ ಸೇರುತ್ತದೆ? ಅಷ್ಟನ್ನೂ ದಾಟಿ ಬಂದ ಹಣ್ಣು ಮಾರ್ಚಿನಲ್ಲಿ ಮಿರಜ, ಪಂಢರಪುರ ರಸ್ತೆಯ ಬದಿಯ ಬೇದಾಣೆ ಶೆಡ್ಡುಗಳಲ್ಲಿ ಒಣಗುತ್ತಿರುವಾಗ ಮತ್ತೊಂದು ಮಳೆ ಬಿದ್ದರೆ ಬಣ್ಣ ಕಪ್ಪಾಗಿ ದರ ಬೀಳುತ್ತದೆ. ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬಿಸಿಲಿಗೆ ಮಾತ್ರ ಗ್ಯಾರಂಟಿ ಇಲ್ಲ.

ವಿಮೆ ಇಲ್ಲವೇ ಎಂದು ಕೇಳುವವರಿದ್ದಾರೆ. ಹವಾಮಾನ ಆಧಾರಿತ ಬೆಳೆವಿಮೆ ಇದೆ. ಅದು ನಂಬುವುದು ಕಂದಾಯ ಮಂಡಳಕ್ಕೊಂದರಂತೆ ನಿಲ್ಲಿಸಿದ ಮಳೆಮಾಪಕವನ್ನು. ಮಾಪಕದ ಮೇಲೆ ಬೀಳದ ಮಳೆ, ತೋಟವನ್ನೆಲ್ಲ ಕೊಳೆಸಿದರೂ, ಕಾಗದದಲ್ಲಿ ಬಿದ್ದಿಲ್ಲ. ಆರನೆಯ ಅಂಶಕ್ಕೆ ಜೀವ ಬರಬೇಕಾದರೆ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ: ಊರಿಗೊಂದು ಮಾಪಕ. ಅದಕ್ಕೆ ಬಾಕು, ಬೆಲೆಂನ ಹವಾಮಾನ ಸಭೆ ಯಾವುದೂ ಬೇಕಿಲ್ಲ.

ಪತ್ರ ಪೂರಾ ಮೇಲಿನ ಮಾತಲ್ಲ ಎನ್ನಲು ಮ್ಹೈಸಾಳ ಸಾಕ್ಷಿ. ಮ್ಹೈಸಾಳದಲ್ಲಿ ಕೃಷ್ಣೆಯನ್ನು ಎತ್ತಿ, ಹಂತ ಹಂತವಾಗಿ ಮೇಲೇರಿಸಿ ಮಿರಜ, ಕವಠೆ ಮಹಾಂಕಾಳ, ಜತ್ತಕ್ಕೆ ಕೊಡುವ ಏತ ನೀರಾವರಿ ಯೋಜನೆಗೆ ಎಂದಿನಿಂದಲೂ ಗಂಟಲಿಗೆ ಸಿಕ್ಕಿದ್ದು ವಿದ್ಯುತ್ ಬಿಲ್ಲು. ಬಿಲ್ಲು ಕಟ್ಟದೆ ಪಂಪು ನಿಂತ ಬೇಸಿಗೆಗಳನ್ನು ಈ ಭಾಗ ಕಂಡಿದೆ. ಕೊನೆಗೆ ಬಿಲ್ಲಿನ 81%ನ್ನು ಸರ್ಕಾರ, 19%ನ್ನು ರೈತರು ಎಂದು ಹಂಚಿದರು. ಜತ್ತದ ಕನ್ನಡ ಹಳ್ಳಿಗಳು ನೀರಿಲ್ಲದ ಸಿಟ್ಟಿಗೆ ಕರ್ನಾಟಕ ಸೇರುತ್ತೇವೆ ಎಂದದ್ದು, 2022ರ ಕೊನೆಗೆ ಅದು ಎರಡು ರಾಜ್ಯಗಳ ರಾಜಕೀಯವಾದದ್ದು, ಆಮೇಲೆ ಯೋಜನೆಯ ವಿಸ್ತರಣೆಗೆ ಹಣ ಬಂದದ್ದು ಎಲ್ಲರಿಗೂ ನೆನಪಿದೆ. ಈಗ ಈ ಪಂಪುಗಳಿಗಾಗಿಯೇ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲದಲ್ಲಿ ಜತ್ತ ಭಾಗದಲ್ಲಿ ಸುಮಾರು 200 ಮೆಗಾವಾಟಿನ ಸೌರ ಸ್ಥಾವರದ ಯೋಜನೆ ಸಿದ್ಧವಾಗಿದೆ. ಹೊಲದ ಪಂಪುಗಳಿಗೆ ಹಗಲು ಕರೆಂಟು ಕೊಡಲು 2023ರಿಂದ ಮಹಾರಾಷ್ಟ್ರದ ಸೌರ ಕೃಷಿ ವಾಹಿನಿ ಯೋಜನೆಯ ಎರಡನೆಯ ಹಂತ ನಡೆದಿದೆ. ಹಾವು, ಚೇಳು ತುಳಿಯುತ್ತ ರಾತ್ರಿ ನೀರು ಕಟ್ಟುವ ಗೋಳು ತಪ್ಪುವುದಾದರೆ, ಅದು ಅಂತರರಾಷ್ಟ್ರೀಯ ವಚನವೊಂದು ಹೊಲದ ಬದುವಿನವರೆಗೆ ನಡೆದು ಬಂದ ಅಪರೂಪದ ಉದಾಹರಣೆ.

ಆದರೂ ಒಂದು ಅನುಮಾನ. 2024ರಿಂದ 7.5 ಅಶ್ವಶಕ್ತಿಯವರೆಗಿನ ಪಂಪಿಗೆ ಮಹಾರಾಷ್ಟ್ರದಲ್ಲಿ ವಿದ್ಯುತ್ ಉಚಿತ. ಸೂರ್ಯನ ಬಿಲ್ಲೂ ಇಲ್ಲ. ನೀರು ಎತ್ತುವುದು ಅಗ್ಗವಾದಷ್ಟೂ ಕಬ್ಬು ಪೂರ್ವಕ್ಕೆ ಸರಿಯುತ್ತದೆ, ಅದರ ಹಿಂದೆ ಎಥೆನಾಲ್ ಬರುತ್ತದೆ, ಪೆಟ್ರೋಲಿನಲ್ಲಿ 20% ಬೆರೆಸಿದೆವು ಎಂಬ ಹಸಿರು ಹೆಮ್ಮೆಯೂ ಬರುತ್ತದೆ. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಕಳಿಸಿದ ರಾಜ್ಯ ಇದು. ಹೊಗೆ ತಗ್ಗಿ ಕೃಷ್ಣೆಯೂ ತಗ್ಗಿದರೆ ಲಾಭವೇನು?

ಪತ್ರದ ಮೊದಲ ಅಂಶವನ್ನು ಕಡೆಗೆ ಎತ್ತಿಕೊಳ್ಳುತ್ತಿದ್ದೇನೆ, ಅದಕ್ಕಿರುವ ಯೋಗ್ಯತೆ ಅಷ್ಟೇ. ಮಿತವಾದ, ಪರಂಪರೆಗೆ ಒಪ್ಪುವ ಜೀವನಶೈಲಿಯನ್ನು ಜನಾಂದೋಲನ ಮಾಡುತ್ತೇವೆ ಎನ್ನುತ್ತದೆ ಅದು. ಮಹಾರಾಷ್ಟ್ರದಲ್ಲಿ 2020ರ ಅಕ್ಟೋಬರ್ 2ರಿಂದ ನಡೆದಿರುವ 'ಮಾಝಿ ವಸುಂಧರಾ' ಅಭಿಯಾನವೂ ಇದೇ ಜಾಡಿನದು. ಮೊಬೈಲಿನಲ್ಲಿ ಹಸಿರು ಪ್ರತಿಜ್ಞೆ, ಪಂಚಾಯಿತಿಗೆ ಅಂಕ. ಗಿಡ ನೆಡಲಿ, ಬೇಡ ಎನ್ನುವವರಾರು! ಆದರೆ ಹಳೆ ಸೀರೆಯಿಂದ ಕೌದಿ ಹೊಲಿಯುವ ಮನೆಗೆ ಮಿತವ್ಯಯದ ಪ್ರಮಾಣವಚನ ಬೋಧಿಸುವುದು ಅತಿಯಾಯಿತು. ಗ್ರೀನ್‌ಪೀಸ್ ಇಂಡಿಯಾ 2007ರಲ್ಲೇ ಒಂದು ವರದಿಯಲ್ಲಿ, ಭಾರತದ ಉಳ್ಳವರು ತಲಾವಾರು ಲೆಕ್ಕದಲ್ಲಿ ಬಡವರ ಹಿಂದೆ ಅವಿತಿದ್ದಾರೆ ಎಂದಿತ್ತು. ಆ ಟೀಕೆಗೆ ಯಾವ ಸರ್ಕಾರವೂ ನೇರ ಉತ್ತರ ಕೊಟ್ಟಿಲ್ಲ. 14 ಟನ್ನಿನವನ ಮುಂದೆ 2 ಟನ್ನಿನ ನ್ಯಾಯ ಕೇಳುವ ದೇಶ ತನ್ನೊಳಗಿನ ಹತ್ತು ಟನ್ನಿನವನನ್ನು ಏನೂ ಕೇಳುವುದಿಲ್ಲ.

ಹೊರಗಿನವರ ಮುಂದೆ ಗೆಲ್ಲುವ, ಒಳಗಿನವರಿಗೆ ಏನನ್ನೂ ಬರೆದುಕೊಡದ ಪತ್ರ ಇದು. 2035ರವರೆಗಿನ ಮುಂದಿನ ವಚನ 2025ರ ನವೆಂಬರಿನಲ್ಲಿ ಬೆಲೆಂ ಸಭೆ ಮುಗಿಯುವವರೆಗೂ ಸಲ್ಲಿಕೆಯಾಗಿರಲಿಲ್ಲ. ಪ್ಯಾರಿಸ್ ಒಪ್ಪಂದದ ಪ್ರಕಾರ ಐದು ವರ್ಷಕ್ಕೊಮ್ಮೆ ಹೊಸದು ಬರೆಯಲೇಬೇಕು, ಹಾಗಾಗಿ ಕೇಳುವ ಅವಕಾಶ ಮುಗಿದಿಲ್ಲ. ಸಾಂಗಲಿ, ಚಿಕ್ಕೋಡಿ, ವಿಜಯಪುರದ ಸಂಸದರು ಆಲಮಟ್ಟಿಯ ಮೀಟರುಗಳ ಮೇಲೆ ಬೇಕಾದರೆ ಜಗಳವಾಡಿಕೊಳ್ಳಲಿ. ಮಳೆನೆರಳಿನ ತಾಲೂಕುಗಳ ಹೆಸರು, ಅವುಗಳ ಪಾಲಿನ ಹಣ, ಊರಿಗೊಂದು ಮಳೆಮಾಪಕ, ಇಂತಿಷ್ಟು ವರ್ಷದೊಳಗೆ ಎಂಬ ಗಡುವು ಆ ಪತ್ರದಲ್ಲಿ ಬರಬೇಕೆಂದು ಮಾತ್ರ ಮೂವರೂ ಒಟ್ಟಿಗೆ ಕೇಳಲಿ. ಮತ ಕೇಳಲು ಬಂದಾಗ ಅವರನ್ನು ನೀವು ಇದೇ ಪ್ರಶ್ನೆ ಕೇಳಿ.