ಡಿಕಾಕ್ಷನ್ ನೋಡಿ ಫಿಲ್ಟರ್ ಆರಿಸಿ

ಕಾಫಿ ಮಾಡುವ ಸಾಧನ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಅದರ ಹೊಳಪಿನ ಕಡೆಗೆ, ಆಮೇಲೆ ಬೆಲೆಯ ಕಡೆಗೆ. ಅದರಿಂದ ಎಂಥ ಡಿಕಾಕ್ಷನ್ ಇಳಿಯುತ್ತದೆ ಎಂದು ಕೇಳುವವರು ಕಡಿಮೆ. ನಮ್ಮ ಮನೆಗಳಲ್ಲಿ ಕಾಫಿ ಅಂದರೆ ಹಾಲು ಬೆರೆತ ಕಾಫಿ. ಒಂದು ಪಾಲು ಡಿಕಾಕ್ಷನ್ನಿಗೆ ಎರಡೋ ಮೂರೋ ಪಾಲು ಹಾಲು, ಮೇಲೆ ಸಕ್ಕರೆ. ಇಷ್ಟನ್ನೂ ತಾಳಿಕೊಂಡು ಕಾಫಿಯ ಘಮ, ಕಹಿ ಎರಡೂ ಉಳಿಯಬೇಕಾದರೆ ಡಿಕಾಕ್ಷನ್ ಗಟ್ಟಿಯಾಗಿರಲೇಬೇಕು. ಹಾಗಾಗಿ ಸಾಧನ ಆರಿಸುವ ಮೊದಲು ಡಿಕಾಕ್ಷನ್ ಸವಿಯಲು ಕಲಿಯಿರಿ.

ಹಾಲು ಹಾಕುವ ಮುಂಚೆ ಅರ್ಧ ಚಮಚ ಡಿಕಾಕ್ಷನ್ ತೆಗೆದು ಬೆಳಕಿಗೆ ಹಿಡಿಯಿರಿ. ಚಿಕೋರಿ ಕಡಿಮೆಯಿದ್ದರೆ ಅಂಚಿನಲ್ಲಿ ಕೆಂಪು ಛಾಯೆ ಕಾಣುತ್ತದೆ. ಹೆಚ್ಚಿದ್ದರೆ ಪೂರಾ ಕಪ್ಪಗಿದ್ದು ಪಾಕದಂತೆ ಚಮಚಕ್ಕೆ ಅಂಟುತ್ತದೆ. ಬಳಿಕ ನಾಲಿಗೆಗೆ ಹಾಕಿಕೊಳ್ಳಿ. ಒಳ್ಳೆಯ ಕಹಿ ಚುರುಕಾಗಿ ಬಂದು, ಸ್ವಲ್ಪ ಹೊತ್ತಿಗೆ ಬಾಯಿಂದ ಇಳಿದು, ಹಿಂದೆ ಘಮ ಬಿಟ್ಟುಹೋಗುತ್ತದೆ. ಕೆಟ್ಟ ಕಹಿ ಗಂಟಲಲ್ಲೇ ನಿಂತು ನಾಲಿಗೆಯನ್ನು ಒಣಗಿಸುತ್ತದೆ. ನಾಲ್ಕು ಬೆಳಗ್ಗೆ ಹೀಗೆ ಸವಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಈಗ ಫಿಲ್ಟರಿಗೆ ಬನ್ನಿ. ಒಂದರ ಮೇಲೊಂದು ಕೂರುವ ಎರಡು ಪಾತ್ರೆ, ಕಡ್ಡಿಯಿರುವ ಒಂದು ಒತ್ತುಬಿಲ್ಲೆ, ಮುಚ್ಚಳ. ಇಷ್ಟು ಸರಳ ವಸ್ತುವನ್ನು ಕೊಳ್ಳುವಾಗಲೂ ಹೆಚ್ಚಿನವರು ಎಡವುವುದು ಗಾತ್ರದಲ್ಲಿ. ‘ನೆಂಟರು ಬಂದರೆ ಇರಲಿ’ ಎಂದು ದೊಡ್ಡದನ್ನು ತರುತ್ತಾರೆ. ದೊಡ್ಡ ಫಿಲ್ಟರಿಗೆ ಇಬ್ಬರಿಗೆ ಸಾಕಾಗುವಷ್ಟು ಪುಡಿ ಹಾಕಿದರೆ ಅದು ತೆಳ್ಳಗೆ ಹರಡಿಕೊಳ್ಳುತ್ತದೆ. ನೀರು ಸರಸರನೆ ಇಳಿದುಬಿಡುತ್ತದೆ, ಡಿಕಾಕ್ಷನ್ ನೀರಾಗುತ್ತದೆ. ಪುಡಿಗೆ ಆಳ ಬೇಕು, ಮೇಲಿನ ಪಾತ್ರೆಯ ಮೂರನೇ ಒಂದು ಭಾಗವಾದರೂ ತುಂಬಬೇಕು. ದಿನಬಳಕೆಗೆ ಮನೆಮಂದಿಯ ಲೆಕ್ಕದ ಚಿಕ್ಕ ಫಿಲ್ಟರ್, ಹಬ್ಬಹುಣ್ಣಿಮೆಗೆ ಬೇರೆ ದೊಡ್ಡದು: ಎರಡಿದ್ದರೆ ಸುಖ.

ಅಂಗಡಿಯಲ್ಲೇ ಮೇಲಿನ ಪಾತ್ರೆಯನ್ನು ಬೆಳಕಿಗೆ ಎತ್ತಿ ತಳ ನೋಡಿ. ತೂತುಗಳು ಸಣ್ಣಗೆ, ಒಂದೇ ಸಮನಾಗಿ, ಅಂಚಿನವರೆಗೂ ಇರಬೇಕು. ದೊಡ್ಡ ತೂತಾದರೆ ಲೋಟದ ತಳದಲ್ಲಿ ಪುಡಿ ಕೂರುತ್ತದೆ. ಎರಡು ಪಾತ್ರೆಗಳನ್ನು ಜೋಡಿಸಿ ತಿರುಗಿಸಿ ನೋಡಿ: ಅಲುಗಬಾರದು, ಬಿರಡೆಯಂತೆ ಬಿಗಿದೂ ಕೂರಬಾರದು. ತೀರಾ ಬಿಗಿಯಾದರೆ ಕೆಳಗಿನ ಗಾಳಿಗೆ ಹೊರದಾರಿ ಸಿಗದೆ ಡಿಕಾಕ್ಷನ್ ಇಳಿಯುವುದೇ ನಿಲ್ಲುತ್ತದೆ. ಆಗ ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಬಿಟ್ಟರೆ ಮತ್ತೆ ತೊಟ್ಟಿಕ್ಕತೊಡಗುತ್ತದೆ.

ಹಿತ್ತಾಳೆಯೋ ಸ್ಟೀಲೋ? ದಪ್ಪ ಹಿತ್ತಾಳೆ ಬಿಸಿ ಹಿಡಿದಿಡುತ್ತದೆ, ನೋಡಲೂ ಚೆಂದ. ಆದರೆ ಒಳಗೆ ಕಲಾಯಿ ಇರಲೇಬೇಕು, ಏಕೆಂದರೆ ಕಾಫಿಯಲ್ಲಿ ಹುಳಿಯ ಅಂಶವಿದೆ. ಉಜ್ಜಿ ಉಜ್ಜಿ ಕಲಾಯಿ ಸವೆದರೆ ಮತ್ತೆ ಹಾಕಿಸಬೇಕು. ಆ ಆರೈಕೆಗೆ ಮನಸ್ಸಿದ್ದವರಿಗೆ ಹಿತ್ತಾಳೆ. ಉಳಿದವರು ಸ್ಟೀಲ್ ಫಿಲ್ಟರನ್ನೇ ಬಿಸಿನೀರಲ್ಲಿ ತೊಳೆದು ಬೆಚ್ಚಗೆ ಮಾಡಿಕೊಂಡರೆ ರುಚಿಯಲ್ಲಿ ಏನೂ ಕಳೆದುಕೊಳ್ಳುವುದಿಲ್ಲ.

ಚಿಕ್ಕ ಫಿಲ್ಟರಿಗೆ ಸುಮಾರು 25 ಗ್ರಾಂ ಪುಡಿ, 150 ಮಿಲಿಲೀಟರ್ ನೀರು. ಪುಡಿಯೇ ಮೂರನೇ ಒಂದರಷ್ಟು ನೀರು ಕುಡಿದು, ಹತ್ತಿರ ಹತ್ತಿರ 100 ಮಿಲಿಲೀಟರ್ ಡಿಕಾಕ್ಷನ್ ಕೊಡುತ್ತದೆ. ಒತ್ತುಬಿಲ್ಲೆಯನ್ನು ಹಗುರವಾಗಿ ಇಡಿ, ಅದುಮಬೇಡಿ. ಮೊದಲು ಪುಡಿ ನೆನೆಯುವಷ್ಟೇ ನೀರು ಸುರಿದು ಅರೆನಿಮಿಷ ಬಿಡಿ. ಹೊಸದಾಗಿ ಹುರಿದ ಪುಡಿಯಾದರೆ ಉಬ್ಬಿ ಗುಳ್ಳೆ ಏಳುತ್ತದೆ, ಮನೆಯೆಲ್ಲ ಘಮ್ಮೆನ್ನುತ್ತದೆ. ಆಮೇಲೆ ಉಳಿದ ನೀರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒಲೆಯಿಂದ ಇಳಿಸಿ ಕ್ಷಣ ತಡೆದರೆ ಕಾಫಿಗೆ ಹೇಳಿಮಾಡಿಸಿದ ಹದ. ಮಂಗಳೂರಿನವರು ಇನ್ನೂ ಸ್ವಲ್ಪ ಕಾಯಬೇಕು. ಇಪ್ಪತ್ತು ನಿಮಿಷದ ಮೇಲಾದರೂ ಇಳಿಯುತ್ತಿದ್ದರೆ ಸರಿ. ಐದೇ ನಿಮಿಷದಲ್ಲಿ ಬರಿದಾದರೆ ಪುಡಿ ತರಿಯಾಗಿದೆ.

ಪುಡಿಯ ವಿಷಯದಲ್ಲಿ ಒಂದೇ ಮಾತು: ಪೊಟ್ಟಣದ ಮೇಲಿನ ಚಿಕೋರಿಯ ಪ್ರಮಾಣ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಬಾರದು ಎನ್ನುವುದು ನಿಯಮ. ಅಂದರೆ ಅರ್ಧದ ಹತ್ತಿರ ಚಿಕೋರಿ ಇದ್ದರೂ ಅದು ಕಾನೂನುಬದ್ಧವೇ. ಕಣ್ಣೆದುರೇ ಬೀಸಿಕೊಡುವ ಅಂಗಡಿಯಲ್ಲಿ ಪೀಬೆರಿ, ಪ್ಲಾಂಟೇಷನ್ ಎ ಎಂಬ ಕಾಫಿಬೀಜಗಳನ್ನು ಅರ್ಧರ್ಧ ಹಾಕಿಸಿ, ಶೇ. 10ರಿಂದ 20 ಚಿಕೋರಿ ಸೇರಿಸಿ ಶುರುಮಾಡಿ. ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ಕೈಯಳತೆಯಲ್ಲೇ ಸಿಗುವಾಗ ಇನ್‌ಸ್ಟಂಟ್ ಪುಡಿ ಕಲಕಿ ಕುಡಿಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೇರೆ ಸಾಧನಗಳನ್ನೂ ಹಾಲು ತಾಳುವ ಡಿಕಾಕ್ಷನ್ ಕೊಡುತ್ತವೆಯೇ ಎಂಬ ಅಳತೆಯಲ್ಲೇ ನೋಡಿ. 1933ರಲ್ಲಿ ಇಟಲಿಯ ಆಲ್ಫೋನ್ಸೋ ಬಿಯಾಲೆಟ್ಟಿ ಮಾರುಕಟ್ಟೆಗೆ ತಂದ ಮೋಕಾ ಪಾಟ್ ನಮ್ಮ ನಾಲಿಗೆಗೆ ಹತ್ತಿರದ ನೆಂಟ. ಕೆಳಗಿನ ನೀರು ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರಿ ಗಟ್ಟಿ ಡಿಕಾಕ್ಷನ್ ಆಗುತ್ತದೆ. ಗೊರಗೊರ ಸದ್ದು ಶುರುವಾದೊಡನೆ ಇಳಿಸದಿದ್ದರೆ ಸುಟ್ಟ ಕಹಿ. ಫ್ರೆಂಚ್ ಪ್ರೆಸ್ ಮತ್ತು 1908ರಲ್ಲಿ ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಪರಿಚಯಿಸಿದ ಕಾಗದದ ಸೋಸುವಿಕೆ, ಎರಡೂ ಹಾಲಿಲ್ಲದ ಕಾಫಿಯ ಕುಲದವು. ಒಳ್ಳೆಯ ತೋಟದ ಅರೇಬಿಕಾದ ನಯ ಅಲ್ಲಿ ಬಿಡಿಬಿಡಿಯಾಗಿ ತಿಳಿಯುತ್ತದೆ. ಹಾಲು ಸುರಿದರೆ ಮುಳುಗಿಹೋಗುತ್ತದೆ. ಎಸ್ಪ್ರೆಸೊ ಯಂತ್ರಕ್ಕೆ ಅದರಷ್ಟೇ ಒಳ್ಳೆಯ ಬೀಸುಯಂತ್ರವೂ ಬೇಕು. ಎರಡಕ್ಕೂ ಹಣ, ಜಾಗ ಇದ್ದರೆ ಮಾತ್ರ ಅತ್ತ ಹೋಗಿ.

ಪರದೇಶದಲ್ಲಿರುವ ಮಕ್ಕಳಿಗೆ ಕಳಿಸುವವರಿಗೆ ಸ್ಟೀಲ್ ಫಿಲ್ಟರೇ ಸರಿ. ಅಲ್ಲಿನ ಇಂಡಕ್ಷನ್ ಒಲೆಗೆ ಅಲ್ಯುಮಿನಿಯಂ ಮೋಕಾ ಪಾಟ್ ಒಗ್ಗುವುದಿಲ್ಲ, ಫಿಲ್ಟರಿಗಾದರೆ ಬಿಸಿನೀರೊಂದು ಸಾಕು. ಅಲ್ಲಿ ಪುಡಿ ಕೊಳ್ಳುವಾಗ ಎಸ್ಪ್ರೆಸೊ ಪುಡಿಗಿಂತ ತುಸು ತರಿಯಾಗಿ, ಅಲ್ಲಿನ ಮಾಮೂಲಿ ಕಾಫಿ ಪುಡಿಗಿಂತ ನುಣ್ಣಗೆ ಬೀಸಿಸಿಕೊಳ್ಳಲು ಹೇಳಿ. ತೂತು ಕಟ್ಟಿಕೊಂಡಾಗ ಖಾಲಿ ಪಾತ್ರೆಯನ್ನು ಅಡುಗೆ ಸೋಡಾ ಹಾಕಿದ ನೀರಲ್ಲಿ ಕುದಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಳ ತಿಕ್ಕಿದರೆ ಮತ್ತೆ ಸರಾಗವಾಗಿ ಇಳಿಯುತ್ತದೆ.